‘ರೋಜರ್ ಆಕ್ರಾಯ್ಡ್’ ಓದಿ ಮುಗಿಸಿದವರು ಮಾತ್ರ ಬನ್ನಿ: ಡಾಕ್ಟ್ರು ನಮಗೆ ಮೋಸ ಮಾಡಿದ್ದಾ?

ನೀರ್ಚಾಲಿನ ಚೀಟಿಯಕ್ಕ:

ಅಗಾಥಾ ಕ್ರಿಸ್ಟಿಯ ‘ದ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಓದದವರು ದಯವಿಟ್ಟು ಇಲ್ಲಿಂದಲೇ ಹಿಂದೆ ಹೋಗಿ. ಕೊಂದದ್ದು ಯಾರು ಅಂತ ಇನ್ನೆರಡು ಸಾಲಿನಲ್ಲಿ ಬರ್ತದೆ. ಈ ಪುಸ್ತಕವನ್ನು ಏನೂ ಗೊತ್ತಿಲ್ಲದೆ ಓದುವ ಯೋಗ ಒಬ್ಬರಿಗೆ ಒಂದೇ ಸಲ ಸಿಗುವುದು. ಅದನ್ನು ಹಾಳು ಮಾಡ್ಲಿಕ್ಕೆ ನನಗೆ ಮನಸ್ಸಿಲ್ಲ.

ಕಿಂಗ್ಸ್ ಆಬಟ್ ಎಂಬ ಸಣ್ಣ ಊರು. ಅಲ್ಲಿಯ ಡಾಕ್ಟರ್ ಶೆಪರ್ಡ್ ನಮಗೆ ಕತೆ ಹೇಳ್ತಾನೆ. ಹೆಣ ನೋಡ್ಲಿಕ್ಕೆ ಹೋಗುವವನು ಅವನು, ಪತ್ತೇದಾರ ಪೊಯಿರೊನ ಜೊತೆ ಮನೆಮನೆ ತಿರುಗುವವನು ಅವನು, ಕಡೆಗೆ ಕೊಂದವನೂ ಅವನೇ. 1926ರಲ್ಲಿ ಪುಸ್ತಕ ಬಂದಾಗ ಇದು ಅನ್ಯಾಯ ಅಂತ ಓದುಗರು ಗಲಾಟೆ ಮಾಡಿದರಂತೆ. ಸುಮಾರು ನೂರು ವರ್ಷ ಕಳೆದ ಮೇಲೆ ನಮಗೆ ಇಲ್ಲಿ ಏನನಿಸ್ತದೆ ಅಂತ ತಿಳಿಯುವ ಆಸೆ ನನಗೆ.

ನಾನು ಓದಿದ ಬಗೆ ಹೇಳ್ತೇನೆ, ಆಗ ಈ ಪ್ರಶ್ನೆ ನನ್ನನ್ನು ಯಾಕೆ ಇಷ್ಟು ಕಾಡ್ತಾ ಉಂಟು ಅಂತ ಗೊತ್ತಾಗ್ತದೆ. ನನ್ನ ಕೆಲಸ ಊರಿನ ಒಂದು ಕ್ಲಿನಿಕ್ಕಿನಲ್ಲಿ. ಬಂದವರ ಹೆಸರು, ಪ್ರಾಯ, ಎಲ್ಲಿಂದ, ಜ್ವರ ಯಾವತ್ತಿನಿಂದ ಅಂತ ಬರೆದು ಚೀಟಿ ಒಳಗೆ ಕಳಿಸುವುದು. ಆ ಪರದೆಯ ಹಿಂದೆ ಏನೆಲ್ಲ ಹೇಳ್ತಾರೆ ಅಂತ ಹೊರಗೆ ಬೆಂಚಿನಲ್ಲಿ ಕೂತವರಿಗೆ ಕೇಳುವುದಿಲ್ಲ, ನನಗೆ ಕೆಲವು ಸಲ ಕೇಳ್ತದೆ. ಗಂಡನಿಗೆ ಗೊತ್ತಾಗಬಾರದು, ಅತ್ತೆಗೆ ಗೊತ್ತಾಗಬಾರದು, ಮಗಳಿಗೆ ಗಂಡು ನೋಡ್ತಾ ಉಂಟು ಹಾಗಾಗಿ ಈ ಫಿಟ್ಸಿನ ವಿಷಯ ಯಾರಿಗೂ ಗೊತ್ತಾಗಬಾರದು. ನಮ್ಮ ಡಾಕ್ಟ್ರು ಸಂಜೆ ಮುಳ್ಳೇರಿಯದ ಬಸ್ಸಿಗೆ ಕಾಯುವಾಗ ಅದೇ ಜನರ ಹತ್ತಿರ ಅಡಿಕೆ ರೇಟು ಮಾತಾಡ್ತಾರೆ. ಒಳಗೆ ಕೇಳಿದ ಒಂದು ಅಕ್ಷರವೂ ಮುಖದಲ್ಲಿ ಕಾಣುವುದಿಲ್ಲ. ಅವರ ಬಗ್ಗೆ ನಮ್ಮೂರಿಗೆ ಇರುವ ಗೌರವದಲ್ಲಿ ಅರ್ಧ ಅವರ ಮದ್ದಿಗೆ, ಅರ್ಧ ಆ ಮೌನಕ್ಕೆ.

ಶೆಪರ್ಡ್ ನನ್ನನ್ನು ಹಿಡಿದದ್ದು ಅಲ್ಲಿ. ಅವನು ಹೆಚ್ಚು ಮಾತಾಡುವುದಿಲ್ಲ. ಅಕ್ಕ ಕ್ಯಾರೊಲೈನ್ ಎಷ್ಟು ಕೆದಕಿ ಕೇಳಿದರೂ ಊರಿನವರ ಗುಟ್ಟು ಬಿಡುವುದಿಲ್ಲ. ಪುಟದಿಂದ ಪುಟಕ್ಕೆ ನನಗೆ ಅವನ ಮೇಲೆ ಪ್ರೀತಿ ಹೆಚ್ಚಾಯ್ತು, ಒಳ್ಳೆಯ ಡಾಕ್ಟ್ರು ಅಂದರೆ ಹೀಗೇ ಅಂತ. ಬೇರೆ ಯಾರೇ ಕತೆ ಹೇಳ್ತಾ ಮಧ್ಯೆ ಏನೋ ನುಂಗಿದರೆ ‘ಇವನು ಎಂತ ಮುಚ್ಚಿಡ್ತಾ ಇದ್ದಾನೆ’ ಅಂತ ಕೇಳ್ತಿದ್ದೆ. ಡಾಕ್ಟ್ರು ನುಂಗಿದರೆ ಅದು ಮರ್ಯಾದೆ ಅನಿಸ್ತದೆ. ಕ್ರಿಸ್ಟಿ ಕೊಲೆಗಾರನಿಗೆ ಈ ಕೆಲಸವನ್ನೇ ಕೊಟ್ಟದ್ದು ಸುಮ್ಮನೆ ಅಲ್ಲ. ಕ್ಲಿನಿಕ್ಕಿನಲ್ಲಿ ಯಾವುದು ಗುಣವೋ ಅದೇ ಇಲ್ಲಿ ಆಯುಧ.

ಆ ಜಾಗ ನೆನಪುಂಟಾ? ಸಂಜೆಯ ಟಪ್ಪಾಲು 8.40ಕ್ಕೆ ಬರ್ತದೆ. ಸತ್ತುಹೋದ ಮಿಸೆಸ್ ಫೆರಾರ್ಸ್ ಬರೆದ ಕಾಗದ ಅದರಲ್ಲಿ ಉಂಟು, ತನ್ನನ್ನು ಹಿಂಡಿ ಹಣ ಕೀಳುತ್ತಿದ್ದವನ ಹೆಸರೂ ಉಂಟು. ಆಕ್ರಾಯ್ಡ್ ಓದ್ಲಿಕ್ಕೆ ಶುರು ಮಾಡಿ, ಒಬ್ಬನೇ ಇರುವಾಗ ಓದ್ತೇನೆ ಅಂತ ನಿಲ್ಲಿಸ್ತಾನೆ. ಡಾಕ್ಟ್ರು ಹೊರಡುವಾಗ 8.50, ಕಾಗದ ಇನ್ನೂ ಓದಿಲ್ಲ. ಬಾಗಿಲಿನ ಹಿಡಿಗೆ ಕೈ ಹಾಕಿ, ಮಾಡುವುದು ಏನಾದರೂ ಬಾಕಿ ಉಂಟಾ ಅಂತ ಒಮ್ಮೆ ಹಿಂದೆ ತಿರುಗಿ ನೋಡ್ತಾನೆ. ನಾನು ಆಗ ಓದಿಕೊಂಡದ್ದು, ಪಾಪ, ಕಂಗಾಲಾದ ಸ್ನೇಹಿತನನ್ನು ಒಂಟಿ ಬಿಟ್ಟು ಹೋಗ್ಲಿಕ್ಕೆ ಮನಸ್ಸಿಲ್ಲ ಇವನಿಗೆ ಅಂತ. ಕಡೆಯ ಅಧ್ಯಾಯ ಮುಗಿಸಿ ವಾಪಸು ಬಂದು ಅದೇ ಸಾಲು ಓದಿದರೆ ಬೆನ್ನಿನಲ್ಲಿ ಚಳಿ. ಸುಳ್ಳು ಒಂದೂ ಇಲ್ಲ. ಆ ಹತ್ತು ನಿಮಿಷದ ಒಳಗೆ ಒಬ್ಬ ಮನುಷ್ಯ ಸತ್ತಿದ್ದಾನೆ, ಅದು ಮಾತ್ರ ಇಲ್ಲ.

ಹಾಗಾದರೆ ಇದು ಮೋಸವಾ, ನ್ಯಾಯವಾ? ನನಗೆ ಸಿಟ್ಟು ಬಂದದ್ದು ನಿಜ, ಆದರೆ ಸಿಟ್ಟು ಕ್ರಿಸ್ಟಿಯ ಮೇಲಾ ಶೆಪರ್ಡನ ಮೇಲಾ ಅಂತ ಬಿಡಿಸಿ ನೋಡ್ಲಿಕ್ಕೆ ಆಗುವುದಿಲ್ಲ. ನಿಮಗೆ ಅನುಮಾನ ಬಂದ ಜಾಗ ಯಾವುದು, ಅದನ್ನೂ ಹೇಳಿ.

---

ಪೆರ್ಲದ ಪ್ರೇಕ್ಷಕ:

ಚೀಟಿಯಕ್ಕನವರೇ, ಪ್ರಶ್ನೆ ಕೇಳಿದ ಊರು ಸರಿಯಾಗಿಯೇ ಉಂಟು. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಕೂತು, ಮರೆಯಲ್ಲಿ ನಿಂತು ಹೊಡೆದದ್ದು ನ್ಯಾಯವಾ ಅಂತ ಕೇಳುವುದಾದರೆ ಅದಕ್ಕೆ ತಾಳಮದ್ದಳೆಯಲ್ಲಿ ಒಂದು ರಾತ್ರಿ ಸಾಕಾಗುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿ ಬೆಳೆದವನು ನಾನು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುವ ಪ್ರಶ್ನೆಯೇ ನಿಮ್ಮದು: ಎದುರು ಬಂದು ಹೊಡೆಯಬಹುದಿತ್ತಲ್ಲ, ಮರದ ಹಿಂದೆ ಯಾಕೆ?

ಆದರೆ ಆ ಪ್ರಸಂಗದಲ್ಲಿ ಜನ ಮರೆಯುವ ಒಂದು ಸಂಗತಿ ಉಂಟು. ವಾಲಿ ಎರಡನೆಯ ಸಲ ಯುದ್ಧಕ್ಕೆ ಹೊರಡುವಾಗ ತಾರೆ ತಡೆಯುತ್ತಾಳೆ. ಈಗಷ್ಟೇ ಸೋತು ಓಡಿದ ಸುಗ್ರೀವ ಇಷ್ಟು ಧೈರ್ಯದಲ್ಲಿ ವಾಪಸು ಬಂದು ಕೂಗುತ್ತಾನೆ ಎಂದರೆ ಹಿಂದೆ ಯಾರೋ ಇದ್ದಾರೆ ಎಂದು ಹೇಳುತ್ತಾಳೆ. ವಾಲಿ ಕೇಳಲಿಲ್ಲ. ಕ್ರಿಸ್ಟಿ ನಮಗೆ ತಾರೆಯನ್ನು ಕೊಟ್ಟಿದ್ದಾರೆ, ಒಬ್ಬಳನ್ನಲ್ಲ, ಬೇಕಾದಷ್ಟು. 8.50ಕ್ಕೆ ಮನೆಯಿಂದ ಹೊರಟ ಡಾಕ್ಟರು ಗೇಟು ದಾಟುವಾಗ ಇಗರ್ಜಿಯ ಗಡಿಯಾರ ಒಂಬತ್ತು ಹೊಡೆಯುತ್ತದೆ. ಮನೆಯಿಂದ ಗೇಟಿಗೆ ಐದು ನಿಮಿಷದ ದಾರಿ. ಎರಡೂ ಸಮಯವನ್ನು ಕೊಲೆಗಾರನೇ ತನ್ನ ಕೈಯಾರೆ ಬರೆದು ಕೊಟ್ಟಿದ್ದಾನೆ, ಉಳಿದ ಐದು ನಿಮಿಷವನ್ನು ನಾವು ಕೇಳಲಿಲ್ಲ. ಇನ್ನೊಂದು ಕಡೆ ಅವನು ತನ್ನ ಸಣ್ಣ ಕೆಲಸದ ಕೋಣೆಯಲ್ಲಿ ಕೆಟ್ಟ ಅಲಾರಂ ಗಡಿಯಾರ ಬಿಚ್ಚಿಕೊಂಡು ಕೂತಿರುತ್ತಾನೆ. ಸತ್ತವನ ಧ್ವನಿ 9.30ಕ್ಕೆ ಕೋಣೆಯ ಒಳಗಿಂದ ಕೇಳಿಸಿದ್ದು ಹೇಗೆ ಎಂಬುದಕ್ಕೆ ಉತ್ತರ ಆ ಅಲಾರಂನಲ್ಲಿದೆ. ಓದುವಾಗ ಅದು ಡಾಕ್ಟರರ ಹವ್ಯಾಸ ಎಂದು ದಾಟಿ ಹೋಗುತ್ತೇವೆ.

ಇಂಥ ಕತೆಗಳಿಗೆ ನಿಯಮ ಮಾಡಿದವರೂ ಇದ್ದಾರೆ. ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ 1929ರಲ್ಲಿ ಹತ್ತು ಕಟ್ಟಳೆ ಬರೆದರು. ಯಾರ ಮನಸ್ಸಿನೊಳಗೆ ಓದುಗನನ್ನು ಬಿಟ್ಟಿದೆಯೋ ಅವನು ಅಪರಾಧಿ ಆಗಬಾರದು ಎಂಬುದು ಮೊದಲನೆಯದರಲ್ಲೇ ಇದೆ. ಪುಸ್ತಕ ಬಂದದ್ದು 1926ರಲ್ಲಿ, ಕಟ್ಟಳೆ ಬಂದದ್ದು ಆಮೇಲೆ. ನನ್ನ ಅಭಿಪ್ರಾಯದಲ್ಲಿ ಕ್ರಿಸ್ಟಿ ಆ ಕಟ್ಟಳೆಯನ್ನೂ ಮುರಿದಿಲ್ಲ. ಶೆಪರ್ಡ್ ನಮ್ಮನ್ನು ಅಂಗಳದವರೆಗೆ ಬಿಟ್ಟಿದ್ದಾನೆ, ಮನಸ್ಸಿನೊಳಗೆ ಒಂದು ಕ್ಷಣವೂ ಬಿಟ್ಟಿಲ್ಲ. ಪುನಃ ಓದಿ ನೋಡಿ: ಆಕ್ರಾಯ್ಡ್ ಸತ್ತದ್ದಕ್ಕೆ ತನಗೆ ದುಃಖವಾಯಿತು ಎಂದು ಅವನು ಎಷ್ಟು ಕಡೆ ಹೇಳಿದ್ದಾನೆ? ನಾನು ಹುಡುಕಿದೆ, ಸಿಗಲಿಲ್ಲ. ಆ ದುಃಖವನ್ನು ನಾವೇ ಅವನ ಮೇಲೆ ಹೊದಿಸಿದ್ದು.

ನನ್ನ ತೀರ್ಪು: ನ್ಯಾಯ.

---

ಉಪ್ಪಳದ ಎಂ.ಎ. ಹುಡುಗ:

ಮಾಷ್ಟ್ರೇ, (ಮಾಷ್ಟ್ರು ಅಂತಲೇ ಗ್ರಹಿಸಿದ್ದೇನೆ) ಹತ್ತು ನಿಮಿಷದ ಲೆಕ್ಕ ನಾನು ಒಪ್ಪಿದೆ. ಅದು ಚಂದ ಉಂಟು. ಆದರೆ ನನ್ನ ತಕರಾರು ಬೇರೆ. ಕತೆ ಹೇಳುವವನೇ ಕೊಲೆಗಾರ ಆಗಬಹುದಾ ಅನ್ನುವುದು ನನಗೆ ಸಮಸ್ಯೆಯೇ ಅಲ್ಲ. ಕ್ರಿಸ್ಟಿಯ ಬೇರೆ ಕೆಲವನ್ನು ಮಲಯಾಳದಲ್ಲಿ ಓದಿದವನು ನಾನು, ಇದನ್ನು ಇಂಗ್ಲಿಷಿನಲ್ಲಿ ಹಾಸ್ಟೆಲಿನಲ್ಲಿ ಕೂತು ಮುಗಿಸಿದೆ, ಕಡೆಯಲ್ಲಿ ಎದ್ದು ನಿಂತುಬಿಟ್ಟೆ. ಅಷ್ಟು ಕೊಟ್ಟ ಪುಸ್ತಕದಲ್ಲಿ ಕೊಲೆಯ ಯಂತ್ರ ಮಾತ್ರ ಇಷ್ಟು ದುರ್ಬಲ ಯಾಕೆ ಅಂತ ಬೇಜಾರು.

ದಿನ ಲೆಕ್ಕ ಹಾಕಿ. ಮಿಸೆಸ್ ಫೆರಾರ್ಸ್ ಸಾಯುವುದು ಗುರುವಾರ ರಾತ್ರಿ. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಡಾಕ್ಟ್ರಿಗೆ ಕರೆ. ಆಕ್ರಾಯ್ಡ್ ಸಾಯುವುದು ಅದೇ ಶುಕ್ರವಾರ ರಾತ್ರಿ. ಈ ನಡುವೆ ಶೆಪರ್ಡ್ ರೋಗಿಗಳನ್ನು ನೋಡಬೇಕು, ಅಕ್ಕನ ಪ್ರಶ್ನೆಗೆ ಉತ್ತರ ಹೇಳಬೇಕು, ಡಿಕ್ಟಾಫೋನ್ (ಮಾತು ಹಿಡಿದಿಟ್ಟು ಪುನಃ ಕೇಳಿಸುವ ಯಂತ್ರ) ಸರಿಯಾದ ಹೊತ್ತಿಗೆ ತನ್ನಷ್ಟಕ್ಕೆ ಶುರುವಾಗುವ ಹಾಗೆ ಮಾಡಬೇಕು, ಆಕ್ರಾಯ್ಡನ ಮಲಮಗ ರಾಲ್ಫ್ ಪೇಟನ್ನನ ಬೂಟು ತರಬೇಕು. ಆಕ್ರಾಯ್ಡ್ ಆ ಯಂತ್ರ ಕೊಂಡದ್ದು ಮನೆಯವರಿಗೂ ಗೊತ್ತಿಲ್ಲ, ಅದೂ ಇವನ ಅದೃಷ್ಟ. ಹಡಗಿನಲ್ಲಿ ಕೆಲಸ ಮಾಡುವ ರೋಗಿಯೊಬ್ಬ ಅದೇ ರಾತ್ರಿ ರೈಲು ಹತ್ತುವ ಮೊದಲು ಸ್ಟೇಷನ್ನಿನಿಂದ 10.15ಕ್ಕೆ ಫೋನ್ ಮಾಡಬೇಕು, ಆಮೇಲೆ ಅಮೆರಿಕಕ್ಕೆ ಹೋಗಿಬಿಡಬೇಕು. ಅಷ್ಟೂ ಕೂಡಿ ಬಂದರೆ ಮಾತ್ರ ಡಾಕ್ಟ್ರು ಎಲ್ಲರಿಗಿಂತ ಮೊದಲು ಹೆಣದ ಹತ್ತಿರ ತಲುಪಿ ಡಿಕ್ಟಾಫೋನನ್ನು ಕರಿ ಬ್ಯಾಗಿಗೆ ಹಾಕಿಕೊಳ್ಳಬಹುದು.

ಓದುವಾಗ ಇದು ಯಾವುದೂ ಕಾಣುವುದಿಲ್ಲ ಅಂತ ಗೊತ್ತುಂಟು. ಡಾಕ್ಟ್ರೇ ಕೊಲೆಗಾರ ಅನ್ನುವ ಆಘಾತದ ಹಿಂದೆ ಯಂತ್ರದ ದೋಷ ಅಡಗಿ ಕೂತಿದೆ. ನನಗೆ ಮೋಸ ಅನಿಸಿದ್ದು ಅದು. ಬ್ರಿಟನ್ನಿನ ಅಪರಾಧ ಲೇಖಕರ ಸಂಘ 2013ರಲ್ಲಿ ಇದನ್ನು ಎಲ್ಲ ಕಾಲದ ಅತ್ಯುತ್ತಮ ಅಪರಾಧ ಕಾದಂಬರಿ ಅಂತ ಆರಿಸಿತು. ಹಾಗಿರುವಾಗ ನಾವು ಗಟ್ಟಿಯಾಗಿ ಪರೀಕ್ಷೆ ಮಾಡಲೇಬೇಕು.

ಅನುಮಾನ ಬಂದ ಜಾಗ ಕೇಳಿದ್ರಿ ಅಕ್ಕ. ಕುರ್ಚಿ. ದೊಡ್ಡ ಒರಗು ಕುರ್ಚಿ ಗೋಡೆಯ ಹತ್ತಿರದಿಂದ ಮುಂದೆ ಬಂದಿತ್ತು, ಆಮೇಲೆ ಯಾರೋ ಹಿಂದೆ ಸರಿಸಿದ್ದಾರೆ ಅಂತ ಬಟ್ಲರ್ ಪಾರ್ಕರ್ ಹೇಳಿದಾಗ, ಬಾಗಿಲಿನಿಂದ ನೋಡುವವನಿಗೆ ಮೇಜಿನ ಮೇಲಿನ ಯಾವುದನ್ನೋ ಮರೆ ಮಾಡ್ಲಿಕ್ಕೆ ಅಂತ ಹೊಳೆಯಿತು. ಆ ಯಾವುದೋ ಏನು ಅಂತ ಹೊಳೆಯಲಿಲ್ಲ.

---

ಮುಳ್ಳೇರಿಯ ಕಡೆಯ ಮದ್ದಿನಂಗಡಿ:

ಎಲ್ಲರೂ ಗಡಿಯಾರ, ಕುರ್ಚಿ ಅಂತ ಹೇಳ್ತಾ ಇದ್ದೀರಿ. ನಾನು ಮದ್ದು ಕೊಡುವವನು, ನನ್ನ ಕಣ್ಣು ಹೋದದ್ದು ಮಿಸೆಸ್ ಫೆರಾರ್ಸ್ ತೆಗೆದುಕೊಂಡು ಸತ್ತ ವೆರೊನಾಲ್ ಮೇಲೆ.

ವೆರೊನಾಲ್ ಅಂದರೆ ಬಾರ್ಬಿಟಾಲ್. ಎಮಿಲ್ ಫಿಷರ್ ಮತ್ತು ಫಾನ್ ಮೇರಿಂಗ್ ಎಂಬ ಜರ್ಮನ್ ವಿಜ್ಞಾನಿಗಳು 1903ರ ಹೊತ್ತಿಗೆ ಅದರ ಗುಣ ತೋರಿಸಿದರು, ನಂತರ ನಿದ್ರೆಗೆ ಅಂತ ಲೋಕವಿಡೀ ಮಾರಾಟವಾಯ್ತು. ಆ ಜಾತಿಯ ಮದ್ದುಗಳ ದೊಡ್ಡ ಅಪಾಯ ಏನೆಂದರೆ, ನಿದ್ರೆ ಬರಿಸುವ ಪ್ರಮಾಣಕ್ಕೂ ಉಸಿರು ನಿಲ್ಲಿಸುವ ಪ್ರಮಾಣಕ್ಕೂ ನಡುವೆ ಹೆಚ್ಚು ಜಾಗ ಇಲ್ಲ. ಹಾಗಾಗಿ ನಿದ್ರೆ ಮಾತ್ರೆಯ ಜಾಗದಿಂದ ಅವು ಹೊರಗೆ ಹೋದವು. ಅದೇ ಕುಟುಂಬದ ಫಿನೊಬಾರ್ಬಿಟಾಲ್ ಮಾತ್ರ ಫಿಟ್ಸಿನವರಿಗೆ ಈಗಲೂ ಡಾಕ್ಟ್ರ ಚೀಟಿಯ ಮೇಲೆ ಕೊಡ್ತೇವೆ. ಕ್ರಿಸ್ಟಿಗೆ ಇದೆಲ್ಲ ಪುಸ್ತಕ ನೋಡಿ ಬರೆದ ಜ್ಞಾನ ಅಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ತನ್ನ ಊರು ಟಾರ್ಕಿಯ ಆಸ್ಪತ್ರೆಯಲ್ಲಿ ದಾದಿಯಾಗಿ, ಆಮೇಲೆ ಮದ್ದು ಕೊಡುವ ವಿಭಾಗದಲ್ಲಿ ಕೆಲಸ ಮಾಡಿದವಳು. 1917ರಲ್ಲಿ ಅದರ ಪರೀಕ್ಷೆಯೂ ಪಾಸು. ಅಳತೆ ತಪ್ಪಿದರೆ ಎಂತ ಆಗ್ತದೆ ಅಂತ ಕೈಯಲ್ಲಿ ಬಾಟ್ಲಿ ಹಿಡಿದು ಕಲಿತದ್ದು.

ಆದರೆ ನಾನು ಹೇಳ್ಲಿಕ್ಕೆ ಬಂದದ್ದು ಮಿಸ್ಟರ್ ಫೆರಾರ್ಸ್ ಬಗ್ಗೆ. ಕತೆ ಶುರುವಾಗುವ ಒಂದು ವರ್ಷ ಮೊದಲೇ ಸತ್ತವನು, ಕುಡುಕ. ಅವನ ಹೆಂಡತಿಯೇ ವಿಷ ಹಾಕಿದ್ದು. ಡಾಕ್ಟ್ರು ಬರೆದ ಕಾರಣ ಹೊಟ್ಟೆಯ ಉರಿಯೂತ, ಕುಡಿತದಿಂದ ಜೋರಾದದ್ದು. ಚೀಟಿಯಕ್ಕ, ನಿಮಗೆ ಗೊತ್ತುಂಟಲ್ಲ, ಸಾವಿನ ಸರ್ಟಿಫಿಕೇಟಿಗೆ ಡಾಕ್ಟ್ರ ಒಂದು ರುಜು ಬಿದ್ದರೆ ಆ ವಿಷಯ ಅಲ್ಲಿಗೆ ಮುಗಿಯಿತು. ಯಾರೂ ಮತ್ತೆ ಕೇಳುವುದಿಲ್ಲ. ಶೆಪರ್ಡ್ ಆ ರುಜು ಹಾಕಿ, ತನಗೆ ಗೊತ್ತಾದದ್ದನ್ನು ಮಡಚಿ ಕಿಸೆಗೆ ಹಾಕಿಕೊಂಡ. ಒಂದು ವರ್ಷದಲ್ಲಿ ಆ ಹೆಂಗಸಿನಿಂದ 20,000 ಪೌಂಡು ಹಿಂಡಿದ್ದಾನೆ. ನನ್ನ ಮಟ್ಟಿಗೆ ಅವನು ಡಾಕ್ಟ್ರು ಅಲ್ಲದೆ ಹೋದದ್ದು ಅಲ್ಲಿಯೇ. ಚೂರಿ ಹಾಕಿದ್ದು ಅದರ ಬಡ್ಡಿ.

ಹುಡುಗ ಹೇಳಿದ ಯಂತ್ರದ ದೋಷ ಸರಿ ಇರಬಹುದು. ಆದರೆ ಒಂದು ವರ್ಷ ಬಾಯಿ ಮುಚ್ಚಿ ಹಣ ಎಣಿಸಿದವನಿಗೆ, ಇದು ಯಾವತ್ತೋ ಒಂದು ದಿನ ಹೊರಗೆ ಬರ್ತದೆ ಅಂತ ಗೊತ್ತಿರುವುದಿಲ್ಲವಾ? ಶುಕ್ರವಾರ ಬೆಳಿಗ್ಗೆ ಯೋಚನೆ ಶುರು ಮಾಡಿದ್ದು ಅಂತ ನಾನು ನಂಬುವುದಿಲ್ಲ.

---

ನೀರ್ಚಾಲಿನ ಚೀಟಿಯಕ್ಕ:

ಮದ್ದಿನಂಗಡಿಯವರೇ, ಆ ಸರ್ಟಿಫಿಕೇಟಿನ ಮಾತಿಗೆ ಕೈ ಮುಗಿದೆ. ನಾನು ಇಡೀ ಪುಸ್ತಕದಲ್ಲಿ ಕೊಲೆಯನ್ನೇ ನೋಡ್ತಾ ಇದ್ದೆ, ಕತೆಯ ಬೇರು ಆ ರುಜುವಿನಲ್ಲಿ ಉಂಟು. ರೋಗಿಯ ಗುಟ್ಟು ಇಟ್ಟುಕೊಳ್ಳುವುದು ಬೇರೆ, ಅದಕ್ಕೆ ಕ್ರಯ ಕಟ್ಟುವುದು ಬೇರೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಹಾಗೆ ಕಾಣ್ತದೆ, ಅದು ಭಯಂಕರ.

ಪೆರ್ಲದವರು ಹೇಳಿದ್ದು ನೋಡಿ ನಿನ್ನೆ ರಾತ್ರಿ ಪುನಃ ತೆಗೆದೆ. ದುಃಖದ ಸಾಲು ನನಗೂ ಸಿಗಲಿಲ್ಲ. ಬದಲಿಗೆ ಹೆಣ ಸಿಕ್ಕಿದ ಜಾಗದಲ್ಲಿ, ಪಾರ್ಕರ್ ಪೊಲೀಸಿಗೆ ಫೋನ್ ಮಾಡ್ಲಿಕ್ಕೆ ಹೋದ ಮೇಲೆ, ಮಾಡ್ಲಿಕ್ಕೆ ಇದ್ದ ಸ್ವಲ್ಪ ಕೆಲಸ ಮಾಡಿದೆ ಅಂತ ಡಾಕ್ಟ್ರು ಬರೆದದ್ದು ಸಿಕ್ಕಿತು. ಯಂತ್ರ ಬ್ಯಾಗಿಗೆ, ಕುರ್ಚಿ ಗೋಡೆಗೆ. ನಾವು ಗ್ರಹಿಸಿಕೊಳ್ಳುವುದು ನಾಡಿ ನೋಡಿದ, ಕಣ್ಣು ಮುಚ್ಚಿಸಿದ ಅಂತ. ಡಾಕ್ಟ್ರು ಅಲ್ಲದ ಬೇರೆ ಯಾರೇ ಅದನ್ನು ಬರೆದಿದ್ದರೂ ‘ಎಂತ ಕೆಲಸ?’ ಅಂತ ನಾವು ಕೇಳದೆ ಬಿಡ್ತಿರಲಿಲ್ಲ.

ಇನ್ನು ನಾನು ಹೇಳಲೇಬೇಕಾದದ್ದು ಕ್ಯಾರೊಲೈನ್ ಬಗ್ಗೆ. ಯಾರೂ ಅವಳ ಹೆಸರು ಎತ್ತಲಿಲ್ಲ. ಮನೆಯಿಂದ ಹೊರಗೆ ಕಾಲಿಡದೆ, ಹಾಲಿನವನ ಮೂಲಕ, ಕೆಲಸದ ಹೆಣ್ಣುಮಕ್ಕಳ ಮೂಲಕ ಇಡೀ ಊರಿನ ಸುದ್ದಿ ತರುವವಳು. ಪತ್ತೇದಾರಿ ಕತೆಯಲ್ಲಿ ಇಂಥ ಹೆಂಗಸು ನಗಿಸ್ಲಿಕ್ಕೆ ಮಾತ್ರ ಬರುವುದು ಅಂತ ನಾವು ಅವಳ ಮಾತು ದಾಟಿಕೊಂಡು ಹೋಗ್ತೇವೆ. ಆದರೆ ಮಿಸೆಸ್ ಫೆರಾರ್ಸ್ ಗಂಡನಿಗೆ ವಿಷ ಹಾಕಿದ್ದು ಅಂತ ಮೊದಲ ಅಧ್ಯಾಯದಿಂದಲೂ ಹೇಳ್ತಾ ಇರುವವಳು ಅವಳೊಬ್ಬಳೇ! ತಮ್ಮ ಬರೆದ ಸರ್ಟಿಫಿಕೇಟನ್ನು ಒಪ್ಪದವಳೂ ಅವಳೊಬ್ಬಳೇ. ಮಾ ಜಾಂಗ್ ಆಡುವ ಸಂಜೆಯ ಅಧ್ಯಾಯ ಓದಿ, ಕಾಯಿ ಇಡುತ್ತಾ ಇಡುತ್ತಾ ನಾಲ್ಕು ಜನ ಊರಿನ ಎಲ್ಲರ ಮೇಲೂ ಒಂದೊಂದು ಕತೆ ಕಟ್ಟುತ್ತಾರೆ. ಅಷ್ಟು ಜೀವಂತ ಅಧ್ಯಾಯ ಕ್ರಿಸ್ಟಿಯ ಬೇರೆ ಪುಸ್ತಕದಲ್ಲಿ ನಾನು ಓದಿಲ್ಲ. ಬಾಯಿ ಬಿಗಿ ಹಿಡಿಯುವ ಡಾಕ್ಟ್ರು ಕೂಡ ಆಟದ ಹುರುಪಿನಲ್ಲಿ ಪೊಯಿರೊಗೆ ಸಿಕ್ಕಿದ ಉಂಗುರದ ವಿಷಯ ಬಿಟ್ಟುಬಿಡುವುದು ಅಲ್ಲಿಯೇ.

ಈ ಕಾದಂಬರಿಯನ್ನು 1928ರಲ್ಲಿ ನಾಟಕ ಮಾಡಿದಾಗ ಕ್ಯಾರೊಲೈನಳನ್ನು ತೆಗೆದು ಆ ಜಾಗಕ್ಕೆ ಒಬ್ಬಳು ಚಂದದ ಹುಡುಗಿಯನ್ನು ಹಾಕಿದರು. ಕ್ರಿಸ್ಟಿಗೆ ಅದು ಸ್ವಲ್ಪವೂ ಇಷ್ಟವಾಗಲಿಲ್ಲ. ಮುಂದೆ ಮಿಸ್ ಮಾರ್ಪಲ್ ಎಂಬ ಪತ್ತೇದಾರ ಅಜ್ಜಿ ಹುಟ್ಟಿದ್ದು ಈ ಕ್ಯಾರೊಲೈನಳನ್ನು ಬರೆದ ಖುಷಿಯಿಂದ ಇರಬೇಕು ಅಂತ ತನ್ನ ಆತ್ಮಕತೆಯಲ್ಲಿ ಅವರೇ ಹೇಳಿದ್ದಾರೆ. ಸುದ್ದಿ ಹೊರುವವಳು ಅಂತ ಊರು ಹಗುರ ಮಾಡುವ ಹೆಂಗಸಿನ ಒಳಗೆ ಒಬ್ಬ ಪತ್ತೇದಾರಳನ್ನು ಕಂಡ ಲೇಖಕಿ ಅವರು, ಅದಕ್ಕೆ ನನಗೆ ಅವರ ಮೇಲೆ ಬಹಳ ಅಭಿಮಾನ. ನಮ್ಮ ಬೆಂಚಿನ ಮೇಲೆ ಟೋಕನ್ ಹಿಡಿದು ಕೂತ ಅಜ್ಜಿಯರಿಗೆ ಯಾರ ಮನೆಯಲ್ಲಿ ಯಾರಿಗೆ ಯಾರು ಮದ್ದು ತಪ್ಪಿಸ್ತಾ ಇದ್ದಾರೆ ಅಂತ ನಮ್ಮ ಡಾಕ್ಟ್ರಿಗಿಂತ ಮೊದಲು ಗೊತ್ತಿರ್ತದೆ.

---

ಮಂಜೇಶ್ವರ ಲೋಕಲ್:

ಕ್ಯಾರೊಲೈನ್ ಹೆಸರು ಬಂತಲ್ಲ, ಹಾಗಾದರೆ ಇದೂ ಗೊತ್ತಿರಲಿ. ಪಿಯರ್ ಬಯಾರ್ ಎಂಬ ಫ್ರೆಂಚ್ ಸಾಹಿತ್ಯ ಪ್ರಾಧ್ಯಾಪಕರು 1998ರಲ್ಲಿ ಈ ಕಾದಂಬರಿಯ ಮೇಲೆಯೇ ಒಂದು ಇಡೀ ಪುಸ್ತಕ ಬರೆದಿದ್ದಾರೆ. ಅವರ ವಾದ: ಪೊಯಿರೊಗೆ ತಪ್ಪಿದೆ, ಕೊಂದದ್ದು ಕ್ಯಾರೊಲೈನ್, ಅಕ್ಕನನ್ನು ಉಳಿಸಲು ಡಾಕ್ಟರ್ ತಪ್ಪು ಹೊತ್ತುಕೊಂಡ. ಉಪ್ಪಳದ ತಮ್ಮ ತೋರಿಸಿದ ದೋಷಗಳಂಥವನ್ನೇ ಹಿಡಿದು ಶುರು ಮಾಡ್ತಾರೆ. ಓದ್ಲಿಕ್ಕೆ ರುಚಿಯಾಗಿ ಉಂಟು, ನಾನು ಒಪ್ಪುವುದಿಲ್ಲ. ಕಡೆಯ ಅಧ್ಯಾಯದಲ್ಲಿ ಶೆಪರ್ಡ್ ತನ್ನ ಬರವಣಿಗೆಯ ಜಾಣತನವನ್ನು ತಾನೇ ಮೆಚ್ಚಿಕೊಳ್ತಾನೆ. ಆ ಹತ್ತು ನಿಮಿಷದ ಜಾಗದಲ್ಲಿ ಒಂದು ಸಾಲು ನಕ್ಷತ್ರ ಹಾಕಿದ್ದರೆ ಯಾರಾದರೂ ಕೇಳ್ತಿದ್ದರೋ ಏನೋ ಅಂತ. ಬೇರೆಯವರ ತಪ್ಪು ಹೊತ್ತುಕೊಂಡವನಿಗೆ ಆ ಹೆಮ್ಮೆ ಎಲ್ಲಿಂದ?

ಇನ್ನೊಂದು. ಪುಸ್ತಕ ಆಗುವ ಮೊದಲು, 1925ರಲ್ಲಿ, ಇದು ಲಂಡನ್ನಿನ ‘ಈವ್ನಿಂಗ್ ನ್ಯೂಸ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ, ಎರಡು ತಿಂಗಳು. ಕೆಲಸ ಬಿಟ್ಟು ರೈಲಿನಲ್ಲಿ ಮನೆಗೆ ಹೋಗುವವರು ಅಷ್ಟು ದಿನ ಆ ಡಾಕ್ಟರ ಜೊತೆಗೆ ಪ್ರಯಾಣ ಮಾಡಿದ್ದಾರೆ. ನಾವು ಎರಡು ರಾತ್ರಿಯಲ್ಲಿ ಮುಗಿಸಿ ಇಷ್ಟು ಸಿಟ್ಟು ಮಾಡಿಕೊಂಡರೆ ಅವರಿಗೆ ಹೇಗಾಗಿರಬೇಕು!

---

ಉಪ್ಪಳದ ಎಂ.ಎ. ಹುಡುಗ:

ಮದ್ದಿನಂಗಡಿಯವರ ಉತ್ತರಕ್ಕೆ ನನ್ನ ಅರ್ಧ ತಕರಾರು ಬಿತ್ತು. ವರ್ಷದಿಂದ ಹೆದರಿದವನು ದಾರಿ ಹುಡುಕಿಟ್ಟಿರ್ತಾನೆ ಅನ್ನುವುದು ಸರಿ. ಹಡಗಿನವನ ಫೋನ್ ಮಾತ್ರ ನನಗೆ ಇನ್ನೂ ಒಪ್ಪಿಗೆ ಇಲ್ಲ, ಇರಲಿ.

ಈಗ ಕೊನೆಯ ಬಗ್ಗೆ ಕೇಳ್ತೇನೆ. ಪೊಯಿರೊ ಡಾಕ್ಟ್ರಿಗೆ ಬೆಳಗ್ಗಿನವರೆಗೆ ಸಮಯ ಕೊಡ್ತಾನೆ, ಕ್ಯಾರೊಲೈನಳಿಗೋಸ್ಕರ. ಡಾಕ್ಟ್ರು ಅದೇ ವೆರೊನಾಲ್ ಆರಿಸಿಕೊಳ್ತಾನೆ. ಪೊಯಿರೊ ಮತ್ತು ಇನ್‌ಸ್ಪೆಕ್ಟರ್ ರಾಗ್ಲನ್ ಹೇಗಾದರೂ ಮಾಡಿ ಮುಚ್ಚಿಡ್ತಾರೆ, ಅಕ್ಕನಿಗೆ ಗೊತ್ತೇ ಆಗುವುದಿಲ್ಲ ಅಂತ ನಂಬಿ ಬರೆದು ಮುಗಿಸ್ತಾನೆ. ಆದರೆ ಊರಿಡೀ ಕೊಲೆಗಾರ ಅಂತ ಬೆರಳು ತೋರಿಸಿದ್ದು ರಾಲ್ಫ್ ಪೇಟನ್ನನ ಕಡೆಗೆ. ಡಾಕ್ಟ್ರ ಹೆಸರು ಹೊರಗೆ ಬಾರದಿದ್ದರೆ ಆ ಹುಡುಗ ಜೀವಮಾನ ಹೇಗೆ ತಲೆ ಎತ್ತುವುದು? ಅವನ ಹೆಂಡತಿ ಅರ್ಸುಲಾ ಹೇಗೆ? ಪೊಯಿರೊ ಇಲ್ಲಿ ತಪ್ಪು ಮಾಡಿದ ಅಂತ ನನಗೆ ಖಂಡಿತ ಅನಿಸ್ತದೆ.

---

ಪೆರ್ಲದ ಪ್ರೇಕ್ಷಕ:

ತಮ್ಮಾ, ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಬರೆದವರು ನ್ಯಾಯವಾಗಿ ಆಡಿದ್ದಾರೆ, ಪತ್ತೇದಾರ ಆಡಲಿಲ್ಲ. ನಿರಪರಾಧಿಯ ಹೆಸರು ತೊಳೆಯುವುದು ಪೊಯಿರೊ ಮೊದಲು ಮಾಡಬೇಕಾದ ಕೆಲಸ. ಅದು ಆಗಲೇಬೇಕು ಎಂದು ಅವನು ಡಾಕ್ಟರರಿಗೆ ಒಂದು ಮಾತು ಹೇಳುತ್ತಾನೆ, ಆದದ್ದು ಮಾತ್ರ ಪುಟದಲ್ಲಿ ಇಲ್ಲ.

---

ನೀರ್ಚಾಲಿನ ಚೀಟಿಯಕ್ಕ:

ರಾಲ್ಫನ ವಿಷಯದಲ್ಲಿ ನಿಮ್ಮಿಬ್ಬರ ಮಾತು ನನಗೂ ಸರಿ ಕಂಡಿತು. ಆದರೆ ಕ್ಯಾರೊಲೈನಳಿಗೆ ಗೊತ್ತಾಗುವುದಿಲ್ಲ ಅಂತ ಡಾಕ್ಟ್ರು ಬರೆದದ್ದನ್ನು ನಾವು ಯಾಕೆ ನಂಬಬೇಕು? ಅಷ್ಟೆಲ್ಲ ನಮ್ಮಿಂದ ಮರೆಸಿದವನ ಕಡೆಯ ಸಾಲನ್ನು ಮಾತ್ರ ಹಾಗೆಯೇ ತೆಗೆದುಕೊಳ್ಳುವುದಾ?

ಆ ಕಡೆಯ ರಾತ್ರಿ ಪೊಯಿರೊನ ಕೋಣೆಯಲ್ಲಿ ಯಾರೆಲ್ಲ ಇದ್ದರು ನೋಡಿ. ಮಿಸೆಸ್ ಆಕ್ರಾಯ್ಡ್, ಫ್ಲೋರಾ, ಮೇಜರ್ ಬ್ಲಂಟ್, ಸೆಕ್ರೆಟರಿ ರೇಮಂಡ್, ಪಾರ್ಕರ್, ಮಿಸ್ ರಸೆಲ್, ಅರ್ಸುಲಾ, ಆಮೇಲೆ ರಾಲ್ಫ್. ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ, ಬೆಳಿಗ್ಗೆ ಸತ್ಯ ಇನ್‌ಸ್ಪೆಕ್ಟರಿಗೆ ಹೋಗ್ತದೆ ಅಂತ ಪೊಯಿರೊ ಅವರೆಲ್ಲರ ಎದುರು ಹೇಳಿದ್ದಾನೆ. ಬೆಳಗಾಗುವಾಗ ಅದೇ ಕೋಣೆಯಲ್ಲಿದ್ದ ಡಾಕ್ಟ್ರು ವೆರೊನಾಲ್ ತೆಗೆದುಕೊಂಡು ಸತ್ತಿರ್ತಾನೆ, ಮತ್ತೆ ಯಾರನ್ನೂ ಪೊಲೀಸರು ಹಿಡಿಯುವುದಿಲ್ಲ. ಮಿಸೆಸ್ ಆಕ್ರಾಯ್ಡ್ ಸುಮ್ಮನೆ ಇರುವ ಹೆಂಗಸಾ? ಪಾರ್ಕರ್ ಅಡುಗೆಮನೆಯಲ್ಲಿ ಹೇಳುವುದಿಲ್ಲವಾ? ಹಾಲಿನವನು ಮರುದಿನವೂ ಬರ್ತಾನೆ. ರಾಲ್ಫನ ಹೆಸರು ತೊಳೆಯುವ ಕೆಲಸವನ್ನು ಪೊಯಿರೊ ಮಾಡದಿದ್ದರೆ ಊರೇ ಮಾಡ್ತದೆ, ಮಧ್ಯಾಹ್ನದ ಒಳಗೆ.

ಮತ್ತೆ, ಅವಳಿಗೆ ಮೊದಲೇ ಸ್ವಲ್ಪ ಗೊತ್ತಿತ್ತು ಅಂತ ನನಗೆ ಅನಿಸ್ತದೆ. ನಡುವೆ ಒಂದು ಕಡೆ ಅವಳು ಪೊಯಿರೊನ ಎದುರೇ ತಮ್ಮನಿಗೆ ಹೇಳುವ ಮಾತುಂಟು: ನೀನು ಗಟ್ಟಿ ಮನಸ್ಸಿನವನಲ್ಲ, ನೋಡಿಕೊಳ್ಳಲು ನಾನೊಬ್ಬಳು ಇಲ್ಲದಿದ್ದರೆ ಇಷ್ಟರಲ್ಲಿ ಎಂಥ ಅನಾಹುತಕ್ಕೆ ಸಿಕ್ಕಿಬೀಳ್ತಿದ್ದೆಯೋ ದೇವರಿಗೇ ಗೊತ್ತು ಅಂತ. ಅದನ್ನು ಬರೆದಿಟ್ಟವನೂ ತಮ್ಮನೇ. ತನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಇದ್ದದ್ದು ಕ್ಯಾರೊಲೈನ್ ಊಹಿಸಿಬಿಡ್ತಾಳೆ ಅಂತ, ಪೊಯಿರೊನದ್ದಲ್ಲ ಅಂತ ಕಡೆಗೆ ಒಪ್ಪಿಕೊಳ್ತಾನೆ. ಚಿಕ್ಕಂದಿನಿಂದ ಜೊತೆಗೆ ಉಂಡವಳ ಕಣ್ಣು ತಪ್ಪಿಸುವುದು ಪತ್ತೇದಾರನ ಕಣ್ಣು ತಪ್ಪಿಸಿದ ಹಾಗಲ್ಲ.

ಹಾಗಾಗಿ ಮೋಸ, ನ್ಯಾಯ ಅಂತ ನಾನು ಕೇಳಿದ್ದಕ್ಕೆ ನನ್ನ ಮಟ್ಟಿಗೆ ಉತ್ತರ ಹೀಗೆ: ನನಗೆ ಕ್ರಿಸ್ಟಿಯ ಮೇಲೆ ಸಿಟ್ಟಿಲ್ಲ. ಸಿಟ್ಟು ಪೂರಾ ಶೆಪರ್ಡನ ಮೇಲೆ, ಅದೂ ನಮಗೆ ಹೇಳದೆ ಇಟ್ಟದ್ದಕ್ಕಿಂತ ಆ ಅಕ್ಕನಿಗೆ ಹೇಳದೆ ಹೋದದ್ದಕ್ಕೆ. ಉಪ್ಪಳದ ತಮ್ಮ, ಮುಂದಿನ ತಿಂಗಳು ಕಾಸರಗೋಡಿಗೆ ಬರುವಾಗ ನಿಮ್ಮ ಮಲಯಾಳದ ಕ್ರಿಸ್ಟಿಗಳಲ್ಲಿ ಒಂದನ್ನು ತನ್ನಿ. ಮಿಸ್ ಮಾರ್ಪಲ್ ಇರುವುದು ಆದರೆ ಒಳ್ಳೆಯದು, ಓದಿ ಮುಗಿಸಿ ಇಲ್ಲಿಯೇ ಬರೆಯುತ್ತೇನೆ.